ಶಾಲೆ, ಕಚೇರಿ, ಮನೆ: ಮೂರು ಬಡಾವಣೆಗಳಲ್ಲಿ ಇದ್ದು ನೋಡಿದ ಹೋಲಿಕೆ

ಕಳೆದ ಆರು ವರ್ಷಗಳಲ್ಲಿ ನಮ್ಮ ಕುಟುಂಬ ಒಂದೇ ಮಹಾನಗರದ ಮೂರು ಬೇರೆ ಬೇರೆ ಬಡಾವಣೆಗಳಲ್ಲಿ ಬಾಡಿಗೆಗೆ ಇದ್ದಿದೆ. ಹೀಗೆ ಗಂಟುಮೂಟೆ ಕಟ್ಟಿಕೊಂಡು ತಿರುಗಬೇಕೆಂಬ ಆಸೆಯೇನೂ ನಮಗಿರಲಿಲ್ಲ. ಒಂದೊಂದು ಕಡೆ ಒಂದೊಂದು ಕೊರತೆ ಕಾಡಿ ಎದ್ದು ಬರಬೇಕಾಯಿತು. ಈಗ ಸ್ವಂತ ಮನೆ ಕೊಳ್ಳುವ ಹೊತ್ತು ಬಂದಿರುವುದರಿಂದ ಮೂರನ್ನೂ ಎದುರುಬದುರು ಇಟ್ಟು ತೂಗಿ ನೋಡಬೇಕಾಗಿದೆ. ಮೊದಲನೆಯದು ನಗರದ ಕೇಂದ್ರದಿಂದ 24 ಕಿಲೋಮೀಟರ್ ದೂರದಲ್ಲಿ ಹೆದ್ದಾರಿಗೆ ಅಂಟಿಕೊಂಡು ಬೆಳೆದ ಹೊಸ ಬಡಾವಣೆ. ಎರಡನೆಯದು 31 ಕಿಲೋಮೀಟರ್ ದೂರದಲ್ಲಿ ರೈಲು ನಿಲ್ದಾಣದ ಸುತ್ತ ಕಟ್ಟಿದ್ದು. ಮೂರನೆಯದು ಕೇವಲ 9 ಕಿಲೋಮೀಟರ್ ದೂರದ, ಒಂದು ಕಾಲಕ್ಕೆ ಊರ ಹೊರಗಿದ್ದು ಈಗ ಊರೊಳಗೇ ಸೇರಿಹೋದ ಹಳೆಯ ಬಡಾವಣೆ. ಇಂಥವು ಎಲ್ಲ ದೊಡ್ಡ ನಗರಗಳ ಸುತ್ತಲೂ ಇರುವುದರಿಂದ ಹೆಸರುಗಳ ಗೊಡವೆಗೆ ಹೋಗದೆ ಹೆದ್ದಾರಿ ಬಡಾವಣೆ, ರೈಲು ಬಡಾವಣೆ, ಹಳೆ ಬಡಾವಣೆ ಎಂದೇ ಕರೆಯುತ್ತೇನೆ.

ನನ್ನ ಪತಿಯ ಕಚೇರಿ ನಗರದ ಕೇಂದ್ರದಲ್ಲಿದೆ. ಅವರು ವಾರಕ್ಕೆ 5 ದಿನ ಹೋಗಬೇಕು. ನಾನು ಕೆಲಸ ಮಾಡುವ ಪ್ರಯೋಗಾಲಯ ನಗರದ ಹೊರ ಅಂಚಿನಲ್ಲಿ, ವರ್ತುಲ ರಸ್ತೆಯ ಪಕ್ಕದಲ್ಲಿದೆ. ನಾನು ವಾರಕ್ಕೆ 3 ದಿನ ಹೋಗುತ್ತಿದ್ದೆ. ಮಗಳಿಗೆ ಈಗ ಹನ್ನೊಂದು ದಾಟಿದೆ, ಮಗ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಹೋದ ಹೋದ ಮನೆಯಲ್ಲೆಲ್ಲ ಮುಂಬಾಗಿಲ ಹಿಂದೆ ಒಂದು ಮೊಳೆ ಹೊಡೆದು, ಅದಕ್ಕೆ ನೋಟ್‌ಬುಕ್ ತೂಗುಹಾಕಿ, ದಾರದಲ್ಲಿ ಪೆನ್ಸಿಲ್ ಕಟ್ಟಿ, ಹೊರಟ ಹೊತ್ತು ಮತ್ತು ತಲುಪಿದ ಹೊತ್ತನ್ನು ಬರೆದಿಡುವುದು ನನ್ನ ಪತಿಯ ಅಭ್ಯಾಸ. ಮೊದಲ ವರ್ಷ ಅದನ್ನು ಕಂಡು ನಾನು ನಗುತ್ತಿದ್ದೆ. ಈ ಹೋಲಿಕೆಯ ಅರ್ಧ ಭಾಗ ಆ ನೋಟ್‌ಬುಕ್‌ನಿಂದಲೇ ಬಂದದ್ದು.

ಕಚೇರಿಯ ಓಡಾಟದ ಮಾತು ಬಂದಾಗ ಎಲ್ಲರೂ ಕೇಳುವುದು ಎಷ್ಟು ದೂರ, ಸುಮಾರು ಎಷ್ಟು ಹೊತ್ತು ಎಂದು. ನಾವೂ ಅದನ್ನೇ ಕೇಳಿ ಹೆದ್ದಾರಿ ಬಡಾವಣೆಗೆ ಹೋದೆವು. ನೋಟ್‌ಬುಕ್‌ನಲ್ಲಿ ದಾಖಲಾದ 40 ಬೆಳಗುಗಳ ಪ್ರಕಾರ ಅಲ್ಲಿಂದ ಕಾರಿನಲ್ಲಿ ಕಚೇರಿ ತಲುಪಲು ಸರಾಸರಿ 52 ನಿಮಿಷ ಹಿಡಿಯುತ್ತಿತ್ತು. ರೈಲು ಬಡಾವಣೆಯಿಂದ ನಿಲ್ದಾಣಕ್ಕೆ ನಡಿಗೆ 11, ಕಾಯುವುದು 5, ರೈಲಿನಲ್ಲಿ 41, ಇಳಿದ ಮೇಲೆ ನಡಿಗೆ 9, ಒಟ್ಟು 66 ನಿಮಿಷ. ಇಷ್ಟನ್ನೇ ನೋಡಿದರೆ ಹೆದ್ದಾರಿಯೇ ಮೇಲು. ಆದರೆ ಸಂಚಾರ ಎಂಜಿನಿಯರುಗಳು ಒಂದು ದಾರಿ ಎಷ್ಟು ನಂಬಿಕೆಗೆ ಅರ್ಹ ಎಂದು ಅಳೆಯುವಾಗ ಸರಾಸರಿಗೆ ನಿಲ್ಲುವುದಿಲ್ಲ. 20 ಪ್ರಯಾಣಗಳಲ್ಲಿ 19ಕ್ಕೆ ಸಾಲುವ ಸಮಯವೆಷ್ಟು ಎಂದು ನೋಡುತ್ತಾರೆ, ಅಂದರೆ ತಿಂಗಳಿಗೆ ಒಂದು ದಿನ ಮಾತ್ರ ತಡವಾದರೆ ಸಾಕು ಎಂಬ ಲೆಕ್ಕ. ನಮ್ಮ 40 ದಿನಗಳಲ್ಲಿ ಅತಿ ಕೆಟ್ಟ ಎರಡನ್ನು ಬಿಟ್ಟು ಮಿಕ್ಕವಕ್ಕೆಲ್ಲ ಸಾಲುವಂತೆ ಹೊರಡಬೇಕಾದರೆ ಹೆದ್ದಾರಿಯಲ್ಲಿ 84 ನಿಮಿಷ ಬೇಕಿತ್ತು. ರೈಲಿನಲ್ಲಿ 73 ಸಾಕಾಗುತ್ತಿತ್ತು. ಒಂಬತ್ತು ಗಂಟೆಗೆ ಕಚೇರಿಯಲ್ಲಿರಬೇಕಾದವರು ಹತ್ತಿರದ ಮನೆಯಿಂದ 7:36ಕ್ಕೆ ಹೊರಡಬೇಕು, ಏಳು ಕಿಲೋಮೀಟರ್ ಹೆಚ್ಚು ದೂರದ ಮನೆಯಿಂದ 7:47ಕ್ಕೆ ಹೊರಟರೂ ಆದೀತು. ಹಳೆ ಬಡಾವಣೆಯಿಂದ ಬಸ್ಸಿನಲ್ಲಿ ಸರಾಸರಿ 36, ಕೆಟ್ಟ ದಿನಕ್ಕೆ 45. ಅದನ್ನು ಉಳಿದೆರಡರೊಂದಿಗೆ ಹೋಲಿಸುವುದೇ ಅನ್ಯಾಯ.

ಹೆದ್ದಾರಿಯ ಏರುಪೇರು ಬೆಳಗ್ಗೆಗಿಂತ ಸಂಜೆ ಹೆಚ್ಚು ನೋಯಿಸಿತು. ಮಗ ಆಗ ಡೇ ಕೇರ್‌ನಲ್ಲಿದ್ದ. ಅದು ಮುಚ್ಚುವುದು 6 ಗಂಟೆಗೆ. ಒಂದು ಸಂಜೆ ಎಲ್ಲೋ ಮುಂದೆ ಲಾರಿಯೊಂದು ಕೆಟ್ಟು ನಿಂತು ನಾನು 6:40ಕ್ಕೆ ತಲುಪಿದಾಗ ಕಟ್ಟಡದ ದೀಪಗಳೆಲ್ಲ ಆರಿದ್ದವು. ಮೆಟ್ಟಿಲ ಮೇಲೆ ಶೂ ಹಾಕಿಕೊಂಡು, ಚೀಲವನ್ನು ಬೆನ್ನಿಗೇರಿಸಿಕೊಂಡೇ ಮಗ ಕೂತಿದ್ದ; ಪಕ್ಕದಲ್ಲಿ ಆಯಾ ಬೀಗದ ಕೈ ಹಿಡಿದುಕೊಂಡು ನಿಂತಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಅವರಿಗೂ ಹಿಡಿಯಬೇಕಾದ ಬಸ್ಸು ಇತ್ತೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆ ಅವಧಿಯಲ್ಲಿ ನಾವಿಬ್ಬರೂ ಸೇರಿ ಹೀಗೆ ತಡ ಮಾಡಿದ್ದು 7 ಬಾರಿ.

ನಾವು ಅಲ್ಲಿದ್ದಾಗಲೇ ಹೆದ್ದಾರಿಗೆ ಇನ್ನೊಂದು ಪಥ ಸೇರಿಸಿದರು. ಆರು ತಿಂಗಳು ಎಲ್ಲರೂ ಹಿಗ್ಗಿದರು, ಆಮೇಲೆ ನೋಟ್‌ಬುಕ್‌ನ ಅಂಕಿಗಳು ಮೆಲ್ಲಗೆ ಹಿಂದಿನ ಜಾಗಕ್ಕೇ ಬಂದವು. ಇದು ನಮ್ಮ ದುರದೃಷ್ಟವೇನಲ್ಲ. ದಟ್ಟಣೆಯ ಹೊತ್ತಿನ ಹೆದ್ದಾರಿಯನ್ನು ಅಗಲ ಮಾಡಿದಷ್ಟೂ ಅದು ಮತ್ತೆ ತುಂಬಿಕೊಳ್ಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲಿಯೇ ವಿವರಿಸಿದ್ದರು: ಬೇರೆ ದಾರಿಯಲ್ಲಿ, ಬೇರೆ ಹೊತ್ತಿನಲ್ಲಿ, ಬಸ್ಸು ರೈಲುಗಳಲ್ಲಿ ಹೋಗುತ್ತಿದ್ದವರು ಹೊಸ ಜಾಗಕ್ಕೆ ಬಂದು ಸೇರುತ್ತಾರೆ. ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಅಂಕಿಗಳನ್ನು ಪರಿಶೀಲಿಸಿ, ಹೆದ್ದಾರಿಯ ಪಥ ಎಷ್ಟು ಪಾಲು ಹೆಚ್ಚಿದರೆ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಎಂದು ತೋರಿಸಿದರು. ಆದ್ದರಿಂದ ಮನೆ ತೋರಿಸುವವರು 'ಮುಂದಿನ ವರ್ಷ ರಸ್ತೆ ಅಗಲ ಆಗುತ್ತದೆ' ಎಂದಾಗ ಆ ಮಾತನ್ನು ನಾನು ಈಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಶಾಲೆ. ಫಲಿತಾಂಶದ ಪಟ್ಟಿಯಲ್ಲಿ ಮೂರು ಬಡಾವಣೆಗಳ ಪೈಕಿ ಹೆದ್ದಾರಿ ಬಡಾವಣೆಯ ಶಾಲೆಯೇ ಎಲ್ಲಕ್ಕಿಂತ ಮೇಲಿತ್ತು. ಕಟ್ಟಡ ಹೊಸದು, ಪ್ರಯೋಗಾಲಯಗಳು ಹೊಸವು, ಆಟದ ಮೈದಾನ ದೊಡ್ಡದು. ಇಷ್ಟನ್ನು ನೋಡಿ ಮರುಳಾದವರಲ್ಲಿ ನಾನೇ ಮೊದಲಿಗಳು. 1966ರಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದು, ಮಕ್ಕಳ ಅಂಕಗಳ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ ಸೌಕರ್ಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಹೇಳಿ ದೊಡ್ಡ ಚರ್ಚೆ ಎಬ್ಬಿಸಿತ್ತು. ಅದರ ಅರ್ಥ ಶಾಲೆ ಮುಖ್ಯವಲ್ಲ ಎಂದಲ್ಲ. ಓದಿದ, ಅನುಕೂಲಸ್ಥ ತಂದೆತಾಯಿಯರ ಮಕ್ಕಳೇ ತುಂಬಿರುವ ಶಾಲೆಯ ಸರಾಸರಿ ಅಂಕ ಆ ಶಾಲೆ ಏನು ಕಲಿಸಿತು ಎಂಬುದನ್ನು ತಿಳಿಸುವುದಿಲ್ಲ ಎಂದು. ಹೆದ್ದಾರಿ ಬಡಾವಣೆಯ ಅಂಕಗಳ ಹಿಂದೆ ಸಂಜೆಯ ಟ್ಯೂಷನ್‌ಗಳ ಸಾಲೇ ಇತ್ತು.

ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: 'ಈಗಿರುವ ಶಿಕ್ಷಕರಲ್ಲಿ ಐದು ವರ್ಷದಿಂದ ಇಲ್ಲೇ ಇರುವವರು ಎಷ್ಟು ಮಂದಿ?' ಕೇಳಲಿಲ್ಲ. ಮಗಳಿಗೆ ಒಂದೇ ಶೈಕ್ಷಣಿಕ ವರ್ಷದಲ್ಲಿ ಗಣಿತಕ್ಕೆ ಮೂವರು ಶಿಕ್ಷಕಿಯರು ಬಂದುಹೋದರು. ಭಿನ್ನರಾಶಿಯನ್ನು ಅವಳು ಎರಡು ಬಾರಿ ಆರಂಭದಿಂದ ಕಲಿತಳು, ಒಮ್ಮೆಯೂ ಕೊನೆ ಮುಟ್ಟಲಿಲ್ಲ. ಎರಡನೆಯ ಶಿಕ್ಷಕಿ ಹೊರಡುವ ಮುನ್ನ ಕಾರಣ ಹೇಳಿದರು: ಆ ಬಡಾವಣೆಯ ಬಾಡಿಗೆ ಶಿಕ್ಷಕರ ಸಂಬಳಕ್ಕೆ ನಿಲುಕುವಂಥದ್ದಲ್ಲ, ಬಸ್ಸು ಇಲ್ಲ, ಅವರು ದಿನಾ ಎರಡೂವರೆ ಗಂಟೆ ದಾರಿಯಲ್ಲೇ ಕಳೆಯುತ್ತಿದ್ದರು. ನಮ್ಮ ಓಡಾಟವನ್ನು ನಿಮಿಷ ನಿಮಿಷ ಎಣಿಸುತ್ತಿದ್ದ ನಮಗೆ ಶಿಕ್ಷಕರ ಓಡಾಟವೂ ಶಾಲೆಯ ಗುಣಮಟ್ಟದ ಭಾಗ ಎಂದು ಅಲ್ಲಿಯವರೆಗೆ ತೋಚಿರಲಿಲ್ಲ. ರೈಲು ಬಡಾವಣೆಯ ಶಾಲೆಯಲ್ಲಿ ಫಲಿತಾಂಶ ಮಧ್ಯಮ, ಕಟ್ಟಡ ಹಳತು, ಮಳೆಗಾಲದಲ್ಲಿ ಮಹಡಿಯ ಒಂದು ಕೋಣೆ ಸೋರುತ್ತಿತ್ತು. ಆದರೆ ಶಿಕ್ಷಕರಲ್ಲಿ ಕೆಲವರು ಅದೇ ಬಡಾವಣೆಯವರು, ಉಳಿದವರು ಎರಡೂ ದಿಕ್ಕಿನಿಂದ ರೈಲಿನಲ್ಲಿ ಬಂದಿಳಿಯುವವರು. ಮಗಳಿಗೆ ಎರಡು ವರ್ಷ ಒಬ್ಬರೇ ಗಣಿತ ಕಲಿಸಿದರು. ಭಿನ್ನರಾಶಿ ಮುಗಿಯಿತು.

ಹೆದ್ದಾರಿ ಶಾಲೆಯ ಆ ದೊಡ್ಡ ಮೈದಾನದ ಬಗ್ಗೆಯೂ ಒಂದು ಮಾತು. ಅದರ ಒಂದು ಬದಿ ಸೇವಾರಸ್ತೆಗೆ ತೆರೆದಿತ್ತು. ಬಾರ್ಸಿಲೋನಾದ 39 ಶಾಲೆಗಳ, 7ರಿಂದ 10 ವರ್ಷದ ಸುಮಾರು 2,700 ಮಕ್ಕಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಹನಗಳ ಹೊಗೆ ಹೆಚ್ಚಿದ್ದ ಶಾಲೆಗಳ ಮಕ್ಕಳಲ್ಲಿ ನೆನಪಿಟ್ಟುಕೊಂಡು ಕೆಲಸ ಮಾಡುವ ಶಕ್ತಿಯ ಬೆಳವಣಿಗೆ ನಿಧಾನವಾಗಿತ್ತು. ಶಾಲೆ ನೋಡಲು ಹೋಗುವವರು ತರಗತಿಯ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಶೌಚಾಲಯವನ್ನೂ ನೋಡಬೇಕು, ಆ ವಿಷಯದಲ್ಲಿ ಮಾತ್ರ ಹೆದ್ದಾರಿ ಶಾಲೆಯನ್ನು ಮೀರಿಸಿದ್ದನ್ನು ನಾನು ಕಾಣಲಿಲ್ಲ.

ಮಕ್ಕಳು ಮನೆಯಿಂದ ಹೊರಗೆ ಕಾಲಿಡುವ ರೀತಿಯಲ್ಲಿ ಮೂರು ಬಡಾವಣೆಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಹೆದ್ದಾರಿ ಬಡಾವಣೆಯ ಬೀದಿಗಳೆಲ್ಲ ಒಂದು ತುದಿ ಮುಚ್ಚಿದವು, ಹಾಗಾಗಿ ನಮ್ಮ ಬೀದಿಯೊಳಗೆ ವಾಹನವೇ ಇರಲಿಲ್ಲ. ಮನೆ ನೋಡಿದ ದಿನ ಅದೇ ನಮಗೆ ಇಷ್ಟವಾದದ್ದು. ಆದರೆ ಮಗಳ ಆಪ್ತ ಗೆಳತಿಯ ಮನೆ ನಮ್ಮ ಹಿತ್ತಿಲಿನಿಂದ ನೂರೈವತ್ತು ಮೀಟರ್ ದೂರದಲ್ಲಿದ್ದು, ನಡುವೆ ಕಾಂಪೌಂಡ್ ಗೋಡೆ ಇದ್ದುದರಿಂದ ರಸ್ತೆಯ ಮೇಲೆ ಅದು 1.4 ಕಿಲೋಮೀಟರ್ ಆಗುತ್ತಿತ್ತು. ಇಬ್ಬರೂ ಗೋಡೆಯ ಎರಡೂ ಬದಿ ಕುರ್ಚಿ ಹಾಕಿಕೊಂಡು ಹತ್ತಿ ಮಾತಾಡುತ್ತಿದ್ದರು. ಆಡಬೇಕೆಂದರೆ ನಾನು ಕಾರು ತೆಗೆಯಬೇಕಿತ್ತು. ಇಂಥ ಮುಚ್ಚಿದ ಬೀದಿಗಳ ಹೆಸರಾಂತ ಮಾದರಿ ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ಆರಂಭವಾದ ರ‍್ಯಾಡ್‌ಬರ್ನ್. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಅದನ್ನು ರೂಪಿಸುವಾಗ ಮನೆಗಳ ಹಿಂದೆ ಕಾಲುದಾರಿಗಳನ್ನಿಟ್ಟು, ಅವು ಉದ್ಯಾನಗಳ ಮೂಲಕ, ಅಗತ್ಯವಿದ್ದಲ್ಲಿ ರಸ್ತೆಯ ಕೆಳಗಿನಿಂದ ಹಾದು ಹೋಗುವಂತೆ ಮಾಡಿದ್ದರು. ಆಮೇಲೆ ನಕಲು ಮಾಡಿದವರು ಬಹುಪಾಲು ಮುಚ್ಚಿದ ಬೀದಿಯನ್ನು ಉಳಿಸಿಕೊಂಡು ಕಾಲುದಾರಿಯನ್ನು ಕೈಬಿಟ್ಟರು. ನಮ್ಮ ಬಡಾವಣೆಯೂ ಆ ನಕಲುಗಳಲ್ಲೊಂದು.

ರೈಲು ಬಡಾವಣೆಯಲ್ಲಿ ಶಾಲೆ ಮನೆಯಿಂದ 700 ಮೀಟರ್. ನಡುವೆ ಹಳಿಯ ಕೆಳಗಿನ ಸುರಂಗದಾರಿಯೊಂದು ಬರುತ್ತದೆ. ಜೋರು ಮಳೆ ಬಂದರೆ ಅದರಲ್ಲಿ ಕಣಕಾಲುಮಟ್ಟ ನೀರು ನಿಲ್ಲುತ್ತದೆ, ಆ ದಿನ ನಿಲ್ದಾಣದ ಮೇಲುಸೇತುವೆ ಹತ್ತಿ ಸುತ್ತಿಕೊಂಡು ಹೋಗಬೇಕು. ಮಗಳಿಗೆ ಒಂಬತ್ತು ತುಂಬಿದ ಮೇಲೆ ಒಂದು ದಿನ ಗೇಟಿನ ಬಳಿ ತಿರುಗಿ ನಿಂತು, 'ಅಮ್ಮ, ನೀನು ಇನ್ನು ಬರಬೇಡ, ನಮ್ಮ ಕ್ಲಾಸಿನವರೆಲ್ಲ ತಾವೇ ಹೋಗ್ತಾರೆ' ಎಂದಳು. ಒಂದು ವಾರ ಅವಳಿಗೆ ಕಾಣದಂತೆ ಹಿಂದೆ ಹಿಂದೆ ಹೋದೆ. ನಿಲ್ದಾಣಕ್ಕೆ ಹೊರಟವರು, ಅಂಗಡಿ ತೆರೆಯುವವರು, ಇತರ ಮಕ್ಕಳು, ಹೀಗೆ ದಾರಿಯುದ್ದಕ್ಕೂ ಜನರ ಕಣ್ಣು ಇತ್ತು. ಎಂಟನೆಯ ದಿನ ನಾನು ಮನೆಯಲ್ಲೇ ಉಳಿದೆ. ಪ್ರಾಥಮಿಕ ಶಾಲೆಯನ್ನು ಬಡಾವಣೆಯ ನಡುವೆ ಇಟ್ಟು, ಪ್ರತಿ ಮನೆಯಿಂದಲೂ ಸುಮಾರು 400 ಮೀಟರಿನೊಳಗೆ ನಡೆದು ತಲುಪುವಂತೆ, ದೊಡ್ಡ ರಸ್ತೆಗಳನ್ನು ಅಂಚಿಗೆ ತಳ್ಳಬೇಕೆಂದು ಕ್ಲಾರೆನ್ಸ್ ಪೆರಿ 1929ರಲ್ಲಿ ಪ್ರತಿಪಾದಿಸಿದ್ದು ಇದನ್ನೇ ಉದ್ದೇಶಿಸಿ ಇರಬೇಕು.

ಹಳೆ ಬಡಾವಣೆಯಲ್ಲಿ ಶಾಲೆ ಇನ್ನೂ ಹತ್ತಿರವಿತ್ತು, ಆದರೆ ನಮ್ಮ ಮುಂದಿನ ಬೀದಿ ಎರಡು ಮುಖ್ಯರಸ್ತೆಗಳ ನಡುವಿನ ಒಳದಾರಿಯಾಗಿಬಿಟ್ಟಿತ್ತು. ಫೋನಿನ ನಕ್ಷೆ ತೋರಿಸಿದ ದಾರಿ ಹಿಡಿದು ಬರುವ ಕಾರುಗಳು ಬೆಳಗ್ಗೆ ಎಂಟರಿಂದ ಹತ್ತರವರೆಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಡೊನಾಲ್ಡ್ ಆಪಲ್‌ಯಾರ್ಡ್ 1970ರ ಆಸುಪಾಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದ್ದರು. ದಿನಕ್ಕೆ 2,000 ವಾಹನ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಮಂದಿ ಬೀದಿಯ ಸ್ನೇಹಿತರಿದ್ದರೆ, 16,000 ವಾಹನ ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿಯಾಗಿ ಇರಲಿಲ್ಲ, ಸರಾಸರಿ 0.9. ಎದುರುಮನೆಯ ಕುಟುಂಬದ ಪರಿಚಯವಾಗಲು ನಮಗೆ ಎಂಟು ತಿಂಗಳು ಹಿಡಿಯಿತು. ಅದೂ ಇಬ್ಬರ ಮನೆಗೂ ಒಂದೇ ದಿನ ನೀರು ನಿಂತುಹೋದಾಗ.

ಹಳೆ ಬಡಾವಣೆಯ ನಿಜವಾದ ತೊಡಕು ಪ್ರವೇಶದ್ದು. ವಿಳಾಸ ನೋಡಿ ಸೀಟು ಕೊಡುವ ಪದ್ಧತಿಯಿರುವ ಕಡೆಗಳಲ್ಲಿ ಶಾಲೆಯ ಹೆಸರು ಮನೆಯ ಬೆಲೆಯೊಳಗೇ ಸೇರಿರುತ್ತದೆ. ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾವಲಯದ ಗಡಿಯ ಈಚೆ ಆಚೆ ಇರುವ ಮನೆಗಳನ್ನಷ್ಟೇ ಹೋಲಿಸಿ, ಪರೀಕ್ಷೆಯ ಅಂಕಗಳು ಶೇ. 5ರಷ್ಟು ಹೆಚ್ಚಿರುವ ಶಾಲೆಗಾಗಿ ತಂದೆತಾಯಿಯರು ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದಾರೆಂದು ಲೆಕ್ಕ ಹಾಕಿದರು. ನಾವೂ ಹಾಗೆಯೇ ಹೆಚ್ಚು ಬಾಡಿಗೆ ಕೊಟ್ಟು ಒಂದು ಕೋಣೆ ಕಡಿಮೆ ಇರುವ ಮನೆಗೆ ಬಂದೆವು. ಬಂದ ಮೇಲೆ ತಿಳಿಯಿತು, ವಿಳಾಸ ಇದ್ದರೆ ಸಾಲದು, ತರಗತಿಯಲ್ಲಿ ಜಾಗವೂ ಇರಬೇಕು. ಮಗನಿಗೆ ಸೀಟು ಸಿಕ್ಕಿತು. ಮಗಳ ತರಗತಿಯಲ್ಲಿ ಆಗಲೇ 44 ಮಕ್ಕಳಿದ್ದುದರಿಂದ ಅವಳು ಅರ್ಧ ವರ್ಷ ಬೇರೆ ಶಾಲೆಗೆ ಹೋಗಬೇಕಾಯಿತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಶಾಲೆಯ ಕಚೇರಿಗೆ ಹೋಗಿ, ಇಂತಿಂಥ ತರಗತಿಯಲ್ಲಿ ಈಗ ಸ್ಥಳವಿದೆಯೇ ಎಂದು ಕೇಳಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿದ್ದ ವಿಷಯ ಅದು.

ಇಡೀ ಮನೆಯ ವಾರದ ಓಡಾಟವನ್ನು ಒಂದೇ ಪುಟದಲ್ಲಿ ಕೂಡಿಸಿದಾಗ ನನಗೆ ಅಚ್ಚರಿಯಾಯಿತು. ಹೆದ್ದಾರಿ ಬಡಾವಣೆಯಿಂದ ನನ್ನ ಪ್ರಯೋಗಾಲಯಕ್ಕೆ ವರ್ತುಲ ರಸ್ತೆಯಲ್ಲಿ 35 ನಿಮಿಷ ಸಾಕಾಗುತ್ತಿತ್ತು. ಪತಿಯ ಓಡಾಟ, ನನ್ನ ಓಡಾಟ, ಮಕ್ಕಳನ್ನು ಬಿಟ್ಟು ಕರೆತರುವುದು, ಸಂಜೆಯ ತರಗತಿಗಳಿಗೆ ಒಯ್ಯುವುದು ಎಲ್ಲ ಸೇರಿ ವಾರಕ್ಕೆ 19 ಗಂಟೆ. ರೈಲು ಬಡಾವಣೆಯಿಂದ ನಾನು ನಗರದ ನಡುವೆ ಇಳಿದು ಮತ್ತೆ ಬಸ್ಸು ಹಿಡಿದು ಹೊರಕ್ಕೆ ಹೋಗಬೇಕಿದ್ದುದರಿಂದ ಒಂದು ಕಡೆಗೇ 100 ನಿಮಿಷ. ಅಲ್ಲಿನ ಮೊತ್ತ 21 ಗಂಟೆ. ಹಳೆ ಬಡಾವಣೆಯಲ್ಲಿ ಎಲ್ಲ ಸೇರಿ 13 ಮಾತ್ರ. ಕಾಗದದ ಮೇಲೆ ರೈಲು ಬಡಾವಣೆಯೇ ಕೊನೆಯದು, ಮತ್ತು ಅಲ್ಲಿಂದ ನಾವು ಎದ್ದು ಬಂದದ್ದೂ ನನ್ನ ಆ 100 ನಿಮಿಷಗಳ ದೆಸೆಯಿಂದಲೇ. ಆದರೆ ಹೆದ್ದಾರಿಯ 19 ಗಂಟೆಗಳಲ್ಲಿ ಸುಮಾರು 7 ಗಂಟೆ ಮಕ್ಕಳಿಗಾಗಿ ಸ್ಟಿಯರಿಂಗ್ ಹಿಡಿದು ಕೂತದ್ದು. ರೈಲು ಬಡಾವಣೆಯಲ್ಲಿ ಆ ಅಂಕಿ ಸೊನ್ನೆ, ಮೇಲಾಗಿ ಪತಿ ದಿನಾ 41 ನಿಮಿಷ ಕೂತು ಓದುತ್ತಾ ಹೋಗುತ್ತಿದ್ದರು.

ದೊಡ್ಡ ಮನೆ ಸಿಗುತ್ತದೆಂದು ಉದ್ದ ದಾರಿಯನ್ನು ಒಪ್ಪಿಕೊಳ್ಳುವವರಿಗೆ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರ ಹೇಳುತ್ತದೆ: ಜರ್ಮನಿಯ ಕುಟುಂಬಗಳಲ್ಲಿ ಓಡಾಟ ಹೆಚ್ಚಿದಷ್ಟೂ ಬದುಕಿನ ತೃಪ್ತಿ ಕಡಿಮೆಯಿತ್ತು, ಮನೆ ಅಥವಾ ಸಂಬಳದ ಲಾಭ ಅದನ್ನು ತುಂಬಿಕೊಟ್ಟಿರಲಿಲ್ಲ. ಹೆದ್ದಾರಿ ಬಡಾವಣೆಯ ಹೆಚ್ಚಿನ ಕೋಣೆಯಲ್ಲಿ ನಾವು ಇಟ್ಟದ್ದು ಬಿಚ್ಚದ ಪೆಟ್ಟಿಗೆಗಳನ್ನು.

ಹೀಗಾಗಿ ನನ್ನ ತೀರ್ಮಾನ ಇದು. ಇಬ್ಬರ ಕೆಲಸವೂ ವರ್ತುಲ ರಸ್ತೆಯ ಮೇಲೇ ಇದ್ದು, ಶಾಲೆಯಲ್ಲಿ ಶಿಕ್ಷಕರು ನಿಲ್ಲುತ್ತಾರೆಂದು ಖಾತ್ರಿಯಾದರೆ ಮಾತ್ರ ಹೆದ್ದಾರಿ ಬಡಾವಣೆ. ಗಂಡ ಹೆಂಡತಿಯ ಕೆಲಸ ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಇಕ್ಕಟ್ಟಾದರೂ ಹಳೆ ಬಡಾವಣೆ. ಒಬ್ಬರದಾದರೂ ರೈಲು ತಲುಪುವ ಕಡೆ ಇದ್ದು, ಇನ್ನೊಬ್ಬರು ದಿನಾ ಹೋಗಬೇಕಿಲ್ಲದಿದ್ದರೆ ರೈಲು ಬಡಾವಣೆ. ನಾನೀಗ ಪ್ರಯೋಗಾಲಯಕ್ಕೆ ಹೋಗಬೇಕಾದದ್ದು ವಾರಕ್ಕೆ 2 ದಿನ. ಮೊದಲಿನ 3 ದಿನವೇ ಆಗಿದ್ದರೆ ಹಳೆ ಬಡಾವಣೆಯಲ್ಲೇ ಮನೆ ಹುಡುಕುತ್ತಿದ್ದೆವು. ಅವಸರಕ್ಕೂ ಕಾರಣವಿದೆ. ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಬಡ ಕುಟುಂಬಗಳಿಗೆ ಉತ್ತಮ ಬಡಾವಣೆಗೆ ಹೋಗಲು ನೆರವು ನೀಡಿದ ಯೋಜನೆಯನ್ನು ಪರಿಶೀಲಿಸಿ 2016ರಲ್ಲಿ ಕಂಡುಕೊಂಡದ್ದು, 13 ವರ್ಷಕ್ಕೆ ಮೊದಲು ಹೋದ ಮಕ್ಕಳಿಗೆ ಅದರಿಂದ ಮುಂದೆ ಲಾಭವಾಯಿತು, ಆಮೇಲೆ ಹೋದವರಿಗೆ ಆಗಲಿಲ್ಲ ಎಂದು. ನಮ್ಮ ಸ್ಥಿತಿಗೂ ಆ ಕುಟುಂಬಗಳ ಸ್ಥಿತಿಗೂ ಹೋಲಿಕೆಯಿಲ್ಲ, ಆದರೂ ಬೇರು ಬಿಟ್ಟ ಮೇಲೆ ಕೀಳುವುದು ಬೇಡವೆಂದು ನಮಗೂ ಅನ್ನಿಸಿದೆ. ರೈಲು ಬಡಾವಣೆಯ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಪ್ರೌಢಶಾಲೆಗೆ ಮಗಳು ಎರಡು ನಿಲ್ದಾಣ ರೈಲಿನಲ್ಲಿ ಹೋಗಬೇಕಾಗುತ್ತದೆ. ಅವಳಿಗೆ ಅದು ಕೊರತೆಯಾಗಿ ಕಂಡಿಲ್ಲ.

ಅಲ್ಲಿ ನೋಡಿರುವ ಮನೆ ಹಳಿಯ ಆಚೆ ಬದಿಯಲ್ಲಿ, ಶಾಲೆಯ ಕಡೆಗೇ ಇದೆ; ಮಗ ಸುರಂಗದಾರಿ ದಾಟಬೇಕಿಲ್ಲ. ಮುಂಗಡ ಕೊಡುವ ಮೊದಲು ಕಳೆದ ಮಂಗಳವಾರ, ಬೆಳಗಿನಿಂದಲೇ ಮಳೆ ಸುರಿಯುತ್ತಿದ್ದಾಗ, ಪತಿ ಆ ಮನೆಯ ಗೇಟಿನ ಮುಂದೆ ಕೊಡೆ ಹಿಡಿದು ನಿಂತು 7:47ಕ್ಕೆ ಸರಿಯಾಗಿ ಹೊರಟರು. ಸಂಜೆ ಬಂದು ನೋಟ್‌ಬುಕ್‌ನಲ್ಲಿ ಬರೆದದ್ದು 8:58.